ಹನ್ನೊಂದನೆಯ ಸ್ಲೈಡು

ಅವಳನ್ನು ನಾವೆಲ್ಲ ಪಿಸು ಎಂದು ಕರೆಯುತ್ತಿದ್ದೆವು. ಪಿಸುಮಾತಿನ ಪಿಸು. ಸಂಶೋಧನೆಗೆ ಸೇರಿದ ಮೊದಲ ವಾರ ತರಗತಿಯಲ್ಲಿ ಹಾಜರಿ ಕೂಗಿದಾಗ ಅವಳು ಕೊಟ್ಟ ಉತ್ತರ ಯಾರಿಗೂ ಕೇಳಿಸದೆ ಮೂರು ದಿನ ಸತತವಾಗಿ ಗೈರುಹಾಜರಿ ಬಿದ್ದಿತ್ತು. ನಾಲ್ಕನೆಯ ದಿನ ಎದ್ದು ನಿಂತು ಕೈ ಎತ್ತಿದಳು. ನಮ್ಮದು ಕಿವಿ ಮತ್ತು ಮಾತಿನ ತೊಂದರೆಗಳನ್ನು ಅಧ್ಯಯನ ಮಾಡುವ ವಿಭಾಗ. ಅಂಥ ಕಡೆ ಮಾತೇ ಕೇಳಿಸದ ಹುಡುಗಿಯೊಬ್ಬಳು ಬಂದು ಸೇರಿದ್ದು ನಮಗೆ ದೊಡ್ಡ ತಮಾಷೆಯಾಗಿತ್ತು. ಹಾಸ್ಟೆಲಿನಲ್ಲಿ ನನ್ನನ್ನು ಅವಳ ಕೋಣೆಗೇ ಹಾಕಿದ ಮೇಲೆ ಆ ತಮಾಷೆಯ ಹಿಂದೆ ಏನಿದೆಯೆಂದು ನನಗೆ ತಿಳಿಯಿತು.

ಅವಳು ಬೆಳೆದದ್ದು ಬಟ್ಟೆ ಗಿರಣಿಯ ಸಾಲುಮನೆಗಳಲ್ಲಿ. ಅಪ್ಪ ಅಮ್ಮ ಇಬ್ಬರೂ ಅವಳು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದರು. ಸಾಕಿದವರು ಚಿಕ್ಕಪ್ಪ ಮತ್ತು ಚಿಕ್ಕಮ್ಮ. ಚಿಕ್ಕಪ್ಪ ಮಗ್ಗದ ಮುಂದೆ ನಿಂತು ಮೂವತ್ತೊಂದು ವರ್ಷವಾಗಿತ್ತು. ನೂರಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಆ ಗಿರಣಿಯಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳಿಸುವುದಿಲ್ಲವಾದ್ದರಿಂದ ಅಲ್ಲಿನವರು ದನಿಯನ್ನೇ ಬಿಟ್ಟು ಬರೀ ತುಟಿ ಆಡಿಸಿ ಮಾತಾಡುತ್ತಾರೆ. ಚಿಕ್ಕಪ್ಪ ಆ ಅಭ್ಯಾಸವನ್ನು ಮನೆಗೂ ತಂದಿದ್ದರು. ಮನೆಯವರು ಅವರ ಎದುರು ಬಂದು, ಮುಖ ತೋರಿಸಿ, ಅಕ್ಷರ ಅಕ್ಷರ ಬಿಡಿಸಿ ತುಟಿ ಆಡಿಸಬೇಕಿತ್ತು. ದನಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಪಿಸು ಮಾತು ಕಲಿತದ್ದೇ ಹೀಗೆ: ಉಚ್ಚಾರಣೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ, ದನಿ ಮಾತ್ರ ಇಲ್ಲವೇ ಇಲ್ಲ. ತಮ್ಮ ಮನೆಯಲ್ಲಿ ಎಂಥ ಜಗಳವಾದರೂ ಪಕ್ಕದ ಮನೆಗೆ ಗೊತ್ತಾಗುತ್ತಿರಲಿಲ್ಲ ಎಂದು ಅವಳು ಹೇಳಿ ನಗುತ್ತಿದ್ದಳು.

ಅವಳು ಆರಿಸಿಕೊಂಡ ವಿಷಯವೂ ಅದೇ. ಮಗ್ಗದವರ ಕಿವಿ ಎಷ್ಟು ವರ್ಷಕ್ಕೆ, ಯಾವ ಬಗೆಯಲ್ಲಿ, ಎಷ್ಟರ ಮಟ್ಟಿಗೆ ಹೋಗುತ್ತದೆ ಎಂದು ಅಳೆಯಬೇಕು. ಗೈಡ್ ಮೇಡಂ ತುಂಬ ಖುಷಿಪಟ್ಟು ಗಿರಣಿಗೆ ಪತ್ರ ಬರೆದರು. ಒಂದಲ್ಲ, ನಾಲ್ಕು ಪತ್ರ. ಉತ್ತರ ಬರಲಿಲ್ಲ. ಕೊನೆಗೆ ಪಿಸು ತಾನೇ ದಾರಿ ಕಂಡುಕೊಂಡಳು. ಸಾಲುಮನೆಗಳ ಹತ್ತಿರದ ಶಾಲೆಯೊಂದರ ಉಗ್ರಾಣದ ಕೋಣೆಯನ್ನು ರಜಾದಿನಗಳಿಗೆ ಕೇಳಿ ಪಡೆದಳು. ಕಿಟಕಿಗೆ ಹಳೆಯ ಹಾಸಿಗೆಗಳನ್ನು ಒರಗಿಸಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ವಿಭಾಗದಿಂದ ಹೊತ್ತು ತಂದ ಯಂತ್ರವನ್ನು ಮುರುಕು ಮೇಜಿನ ಮೇಲಿಟ್ಟುಕೊಂಡು ಒಬ್ಬೊಬ್ಬರನ್ನೇ ಕೂರಿಸಿದಳು. ಹೆಡ್‌ಫೋನಿನಲ್ಲಿ ಕುಂಯ್ ಎಂಬ ಸದ್ದು ಬರುತ್ತದೆ, ಕೇಳಿಸಿದರೆ ಬೆರಳೆತ್ತಬೇಕು. ಅಷ್ಟೇ. ಏಳು ತಿಂಗಳಲ್ಲಿ ಅರವತ್ತೆರಡು ಜನ ಬಂದರು.

ಬಂದವರೆಲ್ಲ ಕೂರುವ ಮೊದಲು ಕೇಳುತ್ತಿದ್ದುದು ಒಂದೇ ಮಾತು, ಗಿರಣಿಗೆ ಗೊತ್ತಾಗುತ್ತದೆಯೇ ಎಂದು. ಅವರ ಹೆದರಿಕೆ ಸುಮ್ಮನೆ ಅಲ್ಲ. ವರ್ಷಕ್ಕೊಮ್ಮೆ ಗಿರಣಿಯಲ್ಲಿ ದೇಹ ತಪಾಸಣೆ ನಡೆಯುತ್ತಿತ್ತು. ಅದರಲ್ಲಿ ಕಿವಿ ಕೆಟ್ಟಿದೆಯೆಂದು ಬಂದರೆ ಅವಧಿಗೆ ಮೊದಲೇ ಮನೆಗೆ ಕಳಿಸುತ್ತಿದ್ದರು. ಕೆಲಸ ಹೋದರೆ ಸಾಲುಮನೆಯನ್ನೂ ಬಿಡಬೇಕು. ಚಿಕ್ಕಪ್ಪ ಪ್ರತಿ ವರ್ಷ ಹೇಗೋ ಪಾರಾಗುತ್ತಿದ್ದರು. ಕಿವಿ ಪರೀಕ್ಷೆಗೆಂದು ನರ್ಸಮ್ಮ ಹಿಂದೆ ನಿಂತು ಅಂಕಿ ಹೇಳುವಾಗ ಎದುರಿನ ಔಷಧದ ಬೀರುವಿನ ಗಾಜಿನಲ್ಲಿ ಅವಳ ತುಟಿ ಕಾಣುತ್ತಿತ್ತಂತೆ. ಆ ಗಾಜನ್ನು ಯಾರಾದರೂ ಒಡೆದ ದಿನ ತನ್ನ ನೌಕರಿಯೂ ಒಡೆಯಿತೆಂದೇ ಲೆಕ್ಕ ಎನ್ನುತ್ತಿದ್ದರು. ಹೀಗಾಗಿ ಪಿಸು ಎಲ್ಲರಿಗೂ ಮಾತು ಕೊಟ್ಟಳು. ಹೆಸರು ಎಲ್ಲೂ ಬರುವುದಿಲ್ಲ, ಬರೀ ನಂಬರು. ಚಿಕ್ಕಪ್ಪನ ನಂಬರು ಇಪ್ಪತ್ಮೂರು.

ಚಿಕ್ಕಪ್ಪನನ್ನು ಪರೀಕ್ಷಿಸಿದ ದಿನದ ಕಥೆಯನ್ನು ಅವಳು ನನಗೆ ಒಂದೇ ಸಲ ಹೇಳಿದ್ದು. ಮೊದಲು ಅವರು ಎಲ್ಲದಕ್ಕೂ ಬೆರಳೆತ್ತಿದರಂತೆ. ಕಿವಿ ಇಷ್ಟು ಚೆನ್ನಾಗಿರಲು ಸಾಧ್ಯವೇ ಎಂದು ಇವಳು ಬೆರಗಾಗಿ ನೋಡಿದರೆ, ಅವರ ಕಣ್ಣು ಯಂತ್ರದ ಗುಂಡಿಯ ಮೇಲಿದ್ದ ಇವಳ ಕೈಯನ್ನೇ ಹಿಂಬಾಲಿಸುತ್ತಿತ್ತು. ಕೈ ಒತ್ತಿದಾಗಲೆಲ್ಲ ಬೆರಳು ಮೇಲೆ. ಮಗಳ ಪರೀಕ್ಷೆ ಕೆಡಬಾರದು ಎಂಬ ಪ್ರೀತಿ. ಇವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಅವರು ಗೋಡೆ ನೋಡುತ್ತ, "ಗೋಡೆಗೂ ಕಿವಿ ಇರುತ್ತಂತೆ. ಇವತ್ತು ನಮ್ಮಿಬ್ಬರಲ್ಲಿ ಯಾರು ಪಾಸಾಗ್ತೀವೋ ನೋಡೋಣ" ಎಂದರು. ಆಮೇಲೆ ಇವಳು ಗುಂಡಿ ಒತ್ತಿದಳು. ಬೆರಳು ಏಳಲಿಲ್ಲ. ಸದ್ದು ಏರಿಸಿದಳು. ಏಳಲಿಲ್ಲ. ಪಕ್ಕದಲ್ಲಿ ನಿಂತ ತನಗೇ ಹೆಡ್‌ಫೋನಿನ ಸದ್ದು ಹೊರಗಿನಿಂದ ಕೇಳಿಸುವಷ್ಟು ಏರಿಸಿದ ಮೇಲೆ ಬೆರಳು ಮೆಲ್ಲನೆ ಅರ್ಧ ಎದ್ದು, ಅನುಮಾನದಲ್ಲಿ ಅಲ್ಲೇ ನಿಂತಿತು. ಅವರ ಬೆನ್ನು ಮಾತ್ರ ಕಾಣುತ್ತಿದ್ದುದು ಒಳ್ಳೆಯದಾಯಿತು, ತನ್ನ ಮುಖ ಅವರಿಗೆ ಕಾಣಲಿಲ್ಲ ಎಂದಳು.

ಎರಡನೆಯ ವರ್ಷದವರು ವಿಭಾಗದ ವಾರ್ಷಿಕ ಸೆಮಿನಾರಿನಲ್ಲಿ ತಮ್ಮ ಕೆಲಸವನ್ನು ಮಂಡಿಸಲೇಬೇಕು. ಹದಿನೈದು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ. ತಿಂಗಳ ಮೊದಲೇ ಪಿಸುವಿಗೆ ಊಟ ಸೇರದಾಯಿತು. ಹಾಸ್ಟೆಲಿನ ಕೋಣೆಯಲ್ಲಿ ನನ್ನನ್ನು ಬಾಗಿಲ ಆಚೆ ನಿಲ್ಲಿಸಿ, ಒಳಗಿನಿಂದ ಮಾತಾಡಿ, ಕೇಳಿಸಿತೇ ಎಂದು ಕೇಳುತ್ತಿದ್ದಳು. ಕೇಳಿಸಿತೇ ಎಂಬ ಪ್ರಶ್ನೆಯೂ ನನಗೆ ಕೇಳಿಸುತ್ತಿರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿದ್ದ ಮನೆಗೆ ಹೋದಾಗ ಚಿಕ್ಕಪ್ಪ ಚಿಕ್ಕಮ್ಮನನ್ನು ಕೂರಿಸಿಕೊಂಡು ಪೂರ್ತಿ ಭಾಷಣ ಒಪ್ಪಿಸಿದಳಂತೆ. ಚಿಕ್ಕಪ್ಪನಿಗೆ ತುಟಿಯಿಂದ ಎಲ್ಲ ತಿಳಿಯಿತು. ಬಹಳ ಚೆನ್ನಾಗಿತ್ತು, ಸ್ವಲ್ಪ ಮೆಲ್ಲಗೆ ಮಾತಾಡಿದರೆ ಇನ್ನೂ ಚೆನ್ನ ಎಂದರು. ಚಿಕ್ಕಮ್ಮ ತಲೆ ತಲೆ ಚಚ್ಚಿಕೊಂಡರು.

ಸೆಮಿನಾರಿಗೆ ಎರಡು ದಿನ ಇರುವಾಗ ಮೇಡಂ ನಮ್ಮಿಬ್ಬರನ್ನೂ ಕರೆದರು. ಗಿರಣಿಯ ವೈದ್ಯರು ಸೆಮಿನಾರಿಗೆ ಬರಲು ಒಪ್ಪಿದ್ದಾರೆ ಎಂದರು. ಅವರ ಮುಖ ಅರಳಿತ್ತು. ಎರಡು ವರ್ಷದ ಪ್ರಯತ್ನಕ್ಕೆ ಈಗ ಬಾಗಿಲು ಸ್ವಲ್ಪ ತೆರೆದಿದೆ, ಇವರನ್ನು ಒಪ್ಪಿಸಿದರೆ ಗಿರಣಿಯ ಎರಡು ಸಾವಿರ ಜನರನ್ನೂ ಪರೀಕ್ಷಿಸಬಹುದು, ಕಿವಿಗೆ ರಕ್ಷಣೆ ಕೊಡಿಸಬಹುದು ಎಂದರು. ಅದಕ್ಕಾಗಿ ಒಂದು ಸ್ಲೈಡು ಹೆಚ್ಚಿಗೆ ಬೇಕಿತ್ತು. ಗಿರಣಿಯ ಯಾವ ಯಾವ ಕೋಣೆಯ ಎಷ್ಟು ಜನರನ್ನು ನೋಡಿದೆವು, ಎಷ್ಟು ಜನರಿಗೆ ಕಿವಿ ಹೋಗಿದೆ ಎಂಬ ಪಟ್ಟಿ. ಎಲ್ಲಿ ಸದ್ದು ಹೆಚ್ಚೋ ಅಲ್ಲಿ ಹಾನಿ ಹೆಚ್ಚು ಎಂದು ವೈದ್ಯರಿಗೆ ಕಣ್ಣಿಗೆ ರಾಚುವಂತೆ ಕಾಣಬೇಕು.

ಪಿಸು ಏನೋ ಹೇಳಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಮೇಡಂ ಆಗಲೇ ಫೋನ್ ಎತ್ತಿಕೊಂಡಿದ್ದರು. "ಸರಿ ಮೇಡಂ" ಎಂದಳು.

ಪಟ್ಟಿಯನ್ನು ಅವಳು ಮಾಡಿದಳು. ಅದಕ್ಕೆ ಬಣ್ಣ ಹಚ್ಚಿದವಳು ನಾನು. ನನಗೆ ಇಂಥದರಲ್ಲಿ ಕೈ ಚೆನ್ನಾಗಿ ಓಡುತ್ತದೆ. ಕಡಿಮೆ ಹಾನಿಗೆ ಹಸಿರು, ಮಧ್ಯಮಕ್ಕೆ ಹಳದಿ, ಎಲ್ಲಕ್ಕಿಂತ ಕೆಳಗಿನ ಸಾಲಿಗೆ ದಪ್ಪಕ್ಷರ, ಗಾಢ ಕೆಂಪು. ಆ ಸಾಲು ಹೀಗಿತ್ತು: ಹಳೇ ಮಗ್ಗದ ಕೋಣೆ, ಒಟ್ಟು ನಾಲ್ವರು, ತೀವ್ರ ಶ್ರವಣ ನಷ್ಟ ನಾಲ್ವರಿಗೂ. ಅದು ಹನ್ನೊಂದನೆಯ, ಕೊನೆಯ ಸ್ಲೈಡು. ಮೇಡಂ ನೋಡಿ ಬೆನ್ನು ತಟ್ಟಿದರು. ಮರುದಿನ ಹತ್ತು ಗಂಟೆಗೆ ಅದು ಪ್ರೊಜೆಕ್ಟರ್ ನಡೆಸುವವರ ಕೈ ಸೇರಿತು.

ಸೆಮಿನಾರಿನ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ತಲೆ ಬಾಚುತ್ತ ನಿಂತವಳು ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ನನ್ನ ಕಡೆ ತಿರುಗಿದಳು.

"ಹಳೇ ಮಗ್ಗದ ಕೋಣೆಯಲ್ಲಿ ಈಗ ಉಳಿದಿರೋದೇ ನಾಲ್ಕು ಜನ ಕಣೇ. ಅದರಲ್ಲಿ ಚಿಕ್ಕಪ್ಪ ಒಬ್ಬರು."

ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಹೆಸರಿಲ್ಲ, ನಂಬರೂ ಇಲ್ಲ, ಆದರೂ ನಾಲ್ಕು ಜನರ ಮನೆ ಬಾಗಿಲಿಗೆ ಹೋಗಿ ಬೆರಳು ತೋರಿಸಿದ ಹಾಗೆಯೇ. ತೆಗೆಸಿಬಿಡೋಣ ಎಂದರೆ ಮೇಡಂ ವೈದ್ಯರಿಗಾಗಿಯೇ ಆ ಸ್ಲೈಡು ಮಾಡಿಸಿದ್ದಾರೆ. ಹೇಳೋಣ ಎಂದರೆ ಮೇಡಂ ಅತಿಥಿಗಳನ್ನು ಕರೆತರಲು ಹೋಗಿದ್ದಾರೆ, ಫೋನ್ ಎತ್ತುತ್ತಿಲ್ಲ. ಅತ್ತ ದರಿ, ಇತ್ತ ಪುಲಿ. ನಾನು ಬುದ್ಧಿವಂತಳಂತೆ ಒಂದು ಸಲಹೆ ಕೊಟ್ಟೆ. ಬೇಗ ಬೇಗ ದಾಟಿಸಿಬಿಡು, ಯಾರು ಅಷ್ಟು ಗಮನವಿಟ್ಟು ಓದುತ್ತಾರೆ ಎಂದೆ. ಅವಳು ನನ್ನನ್ನು ನೋಡಿದ ರೀತಿ ನನಗೆ ಈಗಲೂ ನೆನಪಿದೆ. ನನ್ನ ಬುದ್ಧಿಯ ಆಳ ಎಷ್ಟೆಂದು ಅಳೆದು, ಅಷ್ಟೇ ಎಂದು ತಿಳಿದು, ಮತ್ತೆ ತಲೆ ಬಾಚತೊಡಗಿದಳು.

ನಮ್ಮ ಸೆಮಿನಾರ್ ಹಾಲು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗುತ್ತದೆ. ಮಾತಾಡುವವರು ನಿಲ್ಲುವುದು ಕೆಳಗೆ, ಬಾವಿಯ ತಳದಲ್ಲಿ ನಿಂತಂತೆ. ಇರುವುದು ಒಂದೇ ಬಾಗಿಲು, ಅದೂ ಮೇಲ್ಗಡೆ, ಎಲ್ಲರ ಹಿಂದೆ. ಒಮ್ಮೆ ಇಳಿದರೆ ಅಷ್ಟೂ ಜನರ ಮುಖದ ಮುಂದೆ ಹಾದೇ ಹೊರಗೆ ಹೋಗಬೇಕು. ಮೈಕು ಯಾರೋ ಎತ್ತರದವರಿಗೆ ಹೊಂದಿಸಿದ್ದು, ತುಕ್ಕು ಹಿಡಿದು ಅಲ್ಲೇ ನಿಂತುಬಿಟ್ಟಿತ್ತು. ಪಿಸು ತುದಿಗಾಲಲ್ಲಿ ನಿಂತರೆ ಗದ್ದ ತಾಗುತ್ತಿತ್ತು. ಪ್ರೊಜೆಕ್ಟರ್ ಮೊದಲ ಸಾಲಿನ ಮುಂದಿನ ಮೇಜಿನ ಮೇಲಿತ್ತು. ಸ್ಲೈಡು ಬದಲಾಯಿಸುವವರು ಮಾತ್ರ ಹಿಂದೆ, ಮೇಲೆ, ಕಂಪ್ಯೂಟರಿನ ಮುಂದೆ ಕುಳಿತಿದ್ದರು. ವಿಭಾಗದ ಹಳೆಯ ಅಟೆಂಡರು, ಪಾಪದ ಮನುಷ್ಯ. ಪಿಸುವಿನ ದನಿ ತನಗೆ ಮುಟ್ಟುವುದಿಲ್ಲವೆಂದು ಅವರೇ ಒಂದು ಸನ್ನೆ ಗೊತ್ತು ಮಾಡಿಕೊಂಡಿದ್ದರು. ಅವಳು ಕೈ ಎತ್ತಿದರೆ ಮುಂದಿನ ಸ್ಲೈಡು.

ಮೊದಲ ಸಾಲಿನಲ್ಲಿ ಮೇಡಂ, ಅವರ ಪಕ್ಕದಲ್ಲಿ ಗಿರಣಿಯ ವೈದ್ಯರು. ಬಿಳಿ ಮೀಸೆಯ, ಸೌಮ್ಯ ಮುಖದ ಮನುಷ್ಯ. ತೊಡೆಯ ಮೇಲೆ ಪುಟ್ಟ ಪುಸ್ತಕ ಬಿಚ್ಚಿ ಪೆನ್ನು ಹಿಡಿದು ಕುಳಿತಿದ್ದರು. ನಾನು ಮೂರನೆಯ ಸಾಲು.

ಪಿಸು ಶುರು ಮಾಡಿದಳು. ಕೈಯಲ್ಲಿದ್ದ ಪಾಯಿಂಟರಿನ ಕೆಂಪು ಚುಕ್ಕಿ ಪರದೆಯ ಮೇಲೆ ನೊಣದಂತೆ ಹಾರಾಡಿತು. ಎರಡನೆಯ ಸ್ಲೈಡಿಗೆ ಅದನ್ನು ಆರಿಸಿ ಜೇಬಿಗೆ ಹಾಕಿಕೊಂಡಳು. ದನಿ ಎತ್ತು ಎಂದು ಹಿಂದಿನಿಂದ ಯಾರೋ ಹೇಳಿದರು. ಎತ್ತಿದಳು. ನಿಜಕ್ಕೂ ಎತ್ತಿದಳು. ಮೂರನೆಯ, ನಾಲ್ಕನೆಯ ಸ್ಲೈಡಿಗೆ ಬರುವ ಹೊತ್ತಿಗೆ ನನಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ಕಿವಿ ಒಂದೇ ಸಲ ಹೋಗುವುದಿಲ್ಲ, ಮೊದಲು ಹಕ್ಕಿಯ ದನಿ ಹೋಗುತ್ತದೆ, ಆಮೇಲೆ ಮಕ್ಕಳ ಮಾತು, ಗಂಡಸರ ಮಾತು ಕೊನೆಗೆ, ಹಾಗಾಗಿ ಅವರಿಗೆ ಮೇಸ್ತ್ರಿಯ ಬೈಗುಳ ಕೇಳಿಸುತ್ತದೆ, ಮೊಮ್ಮಗಳು ಕರೆದದ್ದು ಕೇಳಿಸುವುದಿಲ್ಲ ಎಂದು ಹೇಳಿದಾಗ ಇಡೀ ಸಭೆ ಅಲುಗಾಡದೆ ಕುಳಿತಿತ್ತು. ವೈದ್ಯರು ಬರೆದುಕೊಳ್ಳುತ್ತಲೇ ಇದ್ದರು. ನಮ್ಮ ಹುಡುಗಿ ಗೆದ್ದಳು ಎಂದುಕೊಂಡೆ, ಒಂದು ಕ್ಷಣ ಹನ್ನೊಂದನೆಯ ಸ್ಲೈಡನ್ನು ಮರೆತೇಬಿಟ್ಟಿದ್ದೆ.

ಹತ್ತನೆಯ ಸ್ಲೈಡು ಮುಗಿಯಿತು. ಅವಳ ಕೈ ಏಳಲಿಲ್ಲ.

"ಇಲ್ಲಿಗೆ ನನ್ನ ಮಾತು ಮುಗಿಯಿತು" ಎಂದಳು.

ಅಧ್ಯಕ್ಷತೆ ವಹಿಸಿದ್ದ ಹಿರಿಯ ಪ್ರಾಧ್ಯಾಪಕರು ಗಡಿಯಾರ ನೋಡಿ, ಇನ್ನೂ ನಾಲ್ಕು ನಿಮಿಷವಿದೆ, ನಿಧಾನವಾಗಿ ಮುಗಿಸಬಹುದು ಎಂದರು. ಮೇಡಂ ನಗುತ್ತ, ಗಾಬರಿಯಲ್ಲಿ ಮರೆತಿದ್ದಾಳೆ, ಇನ್ನೊಂದು ಮುಖ್ಯವಾದ ಸ್ಲೈಡಿದೆ ಎಂದು ವೈದ್ಯರ ಕಡೆ ತಿರುಗಿ ಹೇಳಿದರು. ಪಿಸು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮೇಡಂ ಅವರ ನಗು ಹಾಗೇ ಇತ್ತು, ಆದರೆ ಕಣ್ಣು ಬದಲಾಯಿತು.

"ಆ ಪಟ್ಟಿ ತೋರಿಸಮ್ಮ."

"ತೋರಿಸಲ್ಲ ಮೇಡಂ."

ಅದು ತುಟಿಯಲ್ಲಷ್ಟೇ ಬಂತು. ಮೇಡಂಗೆ ತಿಳಿಯಲಿಲ್ಲ. ಮೇಲೆ ಕುಳಿತ ಅಟೆಂಡರಿಗಂತೂ ಕಂಡದ್ದು, ಹುಡುಗಿ ಹೆದರಿ ಮರಗಟ್ಟಿ ನಿಂತಿದ್ದಾಳೆ, ಸನ್ನೆ ಮಾಡುವುದನ್ನೇ ಮರೆತಿದ್ದಾಳೆ ಎಂಬುದು. ಪುಣ್ಯಾತ್ಮ, ಸಹಾಯ ಮಾಡೋಣವೆಂದು ತಾನೇ ಒತ್ತಿಬಿಟ್ಟರು.

ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಎದ್ದು ನಿಂತವು.

ಪಿಸು ಒಂದು ಸಲ ಹಿಂತಿರುಗಿ ನೋಡಿದಳು. ಆಮೇಲೆ ಎರಡೇ ಹೆಜ್ಜೆಗೆ ಗೋಡೆಯ ಬಳಿ ಹೋಗಿ, ಬಗ್ಗಿ, ಪ್ರೊಜೆಕ್ಟರಿನ ವೈರನ್ನು ಹಿಡಿದು ಸಾಕೆಟ್ಟಿನಿಂದ ಕಿತ್ತಳು. ಪರದೆ ಕಪ್ಪಾಯಿತು. ವೈರು ಅವಳ ಕೈಯಲ್ಲಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಮೈಕಿನ ಹತ್ತಿರ ವಾಪಸು ಬಂದಳು.

ಅಧ್ಯಕ್ಷರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಕೊನೆಗೆ ಮಾತಾಡಿದ್ದು ವೈದ್ಯರೇ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಹಳೇ ಮಗ್ಗದ ಕೋಣೆಯವರು ಎಷ್ಟು ಜನ ಬಂದಿದ್ರು ನಿಮ್ಮ ಹತ್ರ?"

"ಗೊತ್ತು ಸಾರ್. ಆದ್ರೆ ಹೇಳಲ್ಲ. ಹೇಳಲ್ಲ ಅಂತ ಅವರಿಗೆ ಮಾತು ಕೊಟ್ಟು ಕೂರಿಸಿದೀನಿ."

ಇದು ಎಲ್ಲರಿಗೂ ಕೇಳಿಸಿತು. ವೈದ್ಯರು ತಲೆಯಾಡಿಸಿ, ಪೆನ್ನಿಗೆ ಮುಚ್ಚಳ ಹಾಕಿ, ಪುಸ್ತಕ ಮುಚ್ಚಿದರು. ಮತ್ಯಾರೂ ಪ್ರಶ್ನೆ ಕೇಳಲಿಲ್ಲ. ಪಿಸು ವೈರನ್ನು ಮೇಜಿನ ಮೇಲಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿ, ಸಾಲು ಸಾಲು ಮುಖಗಳನ್ನು ದಾಟಿ ಬಾಗಿಲು ಸೇರಿದಳು.

ಹೊರಗೆ ಕಾರಿಡಾರಿನಲ್ಲಿ ಅವಳನ್ನು ಹಿಡಿದೆ. ಅವಳು ಕೇಳಿದ ಮೊದಲ ಮಾತು, ಓದಲು ಆಯಿತೇ ಎಂಬುದು. ಪರದೆಯ ಮೇಲೆ ಅದು ಇದ್ದದ್ದು ಎರಡು ಸೆಕೆಂಡು, ಹೆಚ್ಚೆಂದರೆ ಮೂರು. ನಾನು ಓದಿದ್ದೆ. ಕೆಳಗಿನ ಸಾಲನ್ನೇ ಓದಿದ್ದೆ, ಏಕೆಂದರೆ ಕಣ್ಣು ಮೊದಲು ಅಲ್ಲಿಗೇ ಹೋಗಲಿ ಎಂದು ನಾನೇ ಕೆಂಪು ಬಳಿದಿದ್ದೆ. ನನಗೆ ಅದರಲ್ಲಿ ಏನಿದೆಯೆಂದು ಮೊದಲೇ ಗೊತ್ತಿತ್ತು, ಅದಕ್ಕೇ ಓದಲು ಆಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಇಲ್ಲ, ಏನೂ ಕಾಣಲಿಲ್ಲ ಎಂದುಬಿಟ್ಟೆ.

ಮಧ್ಯಾಹ್ನ ಮೇಡಂ ಪಿಸುವನ್ನು ಕರೆಸಿದರು. ಬೈಗುಳಕ್ಕೆ ತಯಾರಾಗಿ ಹೋದವಳಿಗೆ ಬೈಗುಳ ಸಿಗಲಿಲ್ಲ. ಮೊದಲು ಮೇಡಂ ಸುಮ್ಮನೆ ಕೇಳಿಸಿಕೊಂಡರಂತೆ. ನಾಲ್ವರೇ ಇರುವ ಕೋಣೆ ಎಂಬುದು ತನಗೆ ಗೊತ್ತಿರಲಿಲ್ಲ, ಆ ಮಾತನ್ನು ಮೊನ್ನೆಯೇ ಹೇಳಬೇಕಿತ್ತು ಎಂದರಂತೆ. ಆಮೇಲೆ ಹೇಳಿದ ಮಾತು ಮಾತ್ರ ಅವಳನ್ನು ವರ್ಷಗಟ್ಟಲೆ ಬಿಡಲಿಲ್ಲ.

"ನಾಲ್ಕು ಜನರನ್ನ ಉಳಿಸೋಕೆ ಹೋಗಿ ಎರಡು ಸಾವಿರ ಜನರನ್ನ ಕೈ ಬಿಟ್ಟೆ. ತಪ್ಪು ಅಂತ ಹೇಳ್ತಿಲ್ಲ. ಲೆಕ್ಕ ನಿನಗೆ ಗೊತ್ತಿರಲಿ ಅಂತ ಹೇಳ್ತಿದೀನಿ."

ಗಿರಣಿಯ ಬಾಗಿಲು ನಮಗೆ ಆ ದಿನವೇ ಮುಚ್ಚಿತು. ಮತ್ತೆ ಬರೆದ ಪತ್ರಗಳಿಗೂ ಉತ್ತರ ಬರಲಿಲ್ಲ.

ಆ ಸಂಜೆ ನಾನೂ ಅವಳ ಜೊತೆ ಸಾಲುಮನೆಗೆ ಹೋದೆ. ಚಿಕ್ಕಪ್ಪ ಆಗಷ್ಟೇ ಪಾಳಿ ಮುಗಿಸಿ ಬಂದು ಕುಳಿತಿದ್ದರು, ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. ಎಷ್ಟು ಸಲ ತಡವರಿಸಿದೆ ಎಂದು ಕೇಳಿದರು. ಇವಳು ಎದುರಿಗೆ ಕುಳಿತು, ದನಿಯಿಲ್ಲದೆ, ತುಟಿಯಲ್ಲೇ ಎಲ್ಲವನ್ನೂ ಹೇಳಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಅವರ ಮುಖ ನೋಡುತ್ತ ಎಲ್ಲಿಗೆ ಬಂದಿದ್ದಾಳೆಂದು ಗೊತ್ತಾಗುತ್ತಿತ್ತು. ಚಿಕ್ಕಮ್ಮ ಒಲೆ ಆರಿಸಿ ಬಂದು ಬಾಗಿಲಿಗೆ ಒರಗಿ ನಿಂತರು.

"ಅಲ್ಲ ಕಣಮ್ಮ," ಎಂದು ಚಿಕ್ಕಪ್ಪ ಕೊನೆಗೆ ನಕ್ಕರು, "ನನ್ನ ಕಿವಿ ಹೋಗಿರೋದು ಯಾರಿಗೆ ಗೊತ್ತಿಲ್ಲ? ಮೇಸ್ತ್ರಿ ಇಪ್ಪತ್ತು ವರ್ಷದಿಂದ ನನ್ನ ಮುಂದೆ ಬಂದು ಮುಖ ತೋರಿಸಿಯೇ ಬೈಯೋದು."

"ಎಲ್ಲರಿಗೂ ಗೊತ್ತಿರೋದು ಬೇರೆ, ಕಾಗದದ ಮೇಲೆ ಬರೋದು ಬೇರೆ" ಎಂದರು ಚಿಕ್ಕಮ್ಮ. ಅವರು ನಗಲಿಲ್ಲ. ಚಿಕ್ಕಪ್ಪನ ನಗುವೂ ನಿಂತಿತು. ಉಳಿದ ಮೂವರಿಗೆ ತಾನೇ ಹೇಳುತ್ತೇನೆ, ಹೇಳದೆ ಇರುವುದು ಸರಿಯಲ್ಲ ಎಂದು ಎದ್ದು ಅಂಗಿ ಹಾಕಿಕೊಂಡರು.

ಮರುದಿನ ಆ ಮೂವರೂ ಮನೆಗೆ ಬಂದರಂತೆ. ಇಬ್ಬರು ಟೀ ಕುಡಿದು ಹೋದರು. ಮೂರನೆಯವರು, ಚಿಕ್ಕಪ್ಪನ ಪಕ್ಕದ ಮಗ್ಗದವರು, ಅವಳನ್ನು ಎತ್ತಿ ಆಡಿಸಿದವರು, ಕುಳಿತುಕೊಳ್ಳಲೂ ಇಲ್ಲ. ನಿನ್ನನ್ನು ನಂಬಿ ಆ ಕುರ್ಚಿಯಲ್ಲಿ ಕೂತೆವು ಎಂದಷ್ಟೇ ಹೇಳಿ, ಕೊಟ್ಟ ಟೀ ಮುಟ್ಟದೆ ಹೋದರು. ಪಿಸು ವೈರು ಕಿತ್ತದ್ದನ್ನು ಹೇಳಲು ಅವರ ಹಿಂದೆ ಬೀದಿಯವರೆಗೂ ಹೋದಳು. ಬೆನ್ನು ಹಾಕಿ ನಡೆಯುವ ಕಿವುಡರನ್ನು ಕರೆಯುವುದು ಹೇಗೆ? ಮುಂದೆ ಓಡಿ ಅಡ್ಡ ನಿಲ್ಲಬೇಕಿತ್ತು. ಅಷ್ಟು ಧೈರ್ಯ ಸಾಲಲಿಲ್ಲ.

ಆಮೇಲಿನ ತಿಂಗಳುಗಳೇ ಆ ಸೆಮಿನಾರಿಗಿಂತ ಕೆಟ್ಟವು. ಅದಾದರೆ ಇಪ್ಪತ್ತು ನಿಮಿಷಕ್ಕೆ ಮುಗಿದಿತ್ತು. ವೈದ್ಯರು ಕೋಣೆಯ ಹೆಸರಷ್ಟೇ ಓದಿದರೋ, ಸಾಲನ್ನು ಪೂರ್ತಿ ಓದಿದರೋ ಎಂಬುದನ್ನು ಕೇಳುವಂತಿರಲಿಲ್ಲ. ಕೇಳಿದರೆ ಓದಲು ಏನೋ ಇತ್ತೆಂದು ನಾವೇ ಒಪ್ಪಿಕೊಂಡಂತೆ. ಮನೆಯಿಂದ ಫೋನ್ ಬಂದರೆ ಅವಳು ಅದು ಐದಾರು ಸಲ ಬಡಿದುಕೊಳ್ಳುವವರೆಗೆ ನೋಡುತ್ತ ಕೂರುತ್ತಿದ್ದಳು. ಕನಸಿನಲ್ಲಿ ವೈರು ಎಷ್ಟು ಎಳೆದರೂ ಬರುತ್ತಿರಲಿಲ್ಲವಂತೆ, ಎಳೆದಷ್ಟೂ ಉದ್ದವಾಗುತ್ತಿತ್ತಂತೆ. ಎರಡನೆಯ ತಿಂಗಳಲ್ಲಿ ನಾನು ನಿಜ ಹೇಳಿದೆ. ನಾನು ಓದಿದ್ದೆ ಎಂದೆ. ಅವಳು ಸಿಟ್ಟಾಗಲಿಲ್ಲ. ಗೊತ್ತಿತ್ತು, ನೀನು ಸುಳ್ಳು ಹೇಳುವಾಗ ತುಟಿ ಬೇಗ ಮುಚ್ಚಿಕೊಳ್ಳುತ್ತೀಯ ಎಂದಳು. ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಮೂರನೆಯ ತಿಂಗಳಲ್ಲಿ ವೈದ್ಯರು ಯಾವತ್ತೂ ಇಲ್ಲದ್ದು ತಾವಾಗಿಯೇ ಹಳೇ ಮಗ್ಗದ ಕೋಣೆಗೆ ಬಂದರಂತೆ. ಚಿಕ್ಕಪ್ಪನಿಗೆ ಮಗ್ಗ ನಿಲ್ಲಿಸುವುದೇ ಮರೆತುಹೋಯಿತು. ವೈದ್ಯರು ಕೋಣೆಯನ್ನೊಮ್ಮೆ ನೋಡಿ, ತಂದಿದ್ದ ಪುಟ್ಟ ಪೆಟ್ಟಿಗೆಯಿಂದ ಕಿವಿಗೆ ಇಟ್ಟುಕೊಳ್ಳುವ ರಬ್ಬರಿನ ಬಿರಡೆಗಳನ್ನು ತೆಗೆದು ನಾಲ್ವರಿಗೂ ಒಂದೊಂದು ಜೊತೆ ಕೊಟ್ಟರು. ಚಿಕ್ಕಪ್ಪನ ಎದುರು ನಿಂತು, ಮುಖ ತೋರಿಸಿ, ಅಕ್ಷರ ಬಿಡಿಸಿ, ದಿನಾ ಹಾಕಿಕೊಳ್ಳಿ ಎಂದರು. ಬೇರೇನೂ ಹೇಳಲಿಲ್ಲ. ಆ ವರ್ಷದ ತಪಾಸಣೆಯಲ್ಲಿ ನಾಲ್ವರೂ ಪಾಸಾದರು. ಉಳಿದ ಕೋಣೆಗಳಿಗೆ ಬಿರಡೆ ಹೋಗಲಿಲ್ಲ.

ವೈದ್ಯರು ಆ ಎರಡು ಸೆಕೆಂಡಿನಲ್ಲಿ ಪೂರ್ತಿ ಓದಿದ್ದರೋ, ಅಥವಾ ಹಳೇ ಮಗ್ಗದ ಸದ್ದು ಹೆಚ್ಚೆಂದು ಸುಮ್ಮನೆ ಕೊಟ್ಟರೋ, ಈಗ ಯಾರೂ ಹೇಳುವಂತಿಲ್ಲ. ಚಿಕ್ಕಪ್ಪ ಮಾತ್ರ, ಹೋದ ಕಿವಿಗೆ ಬಿರಡೆ ಹಾಕುವುದು ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ ಹಾಕಿದಂತೆ ಎನ್ನುತ್ತಲೇ ನಿವೃತ್ತಿಯಾಗುವವರೆಗೂ ದಿನಾ ಹಾಕಿಕೊಂಡರು. ಅವಧಿ ಮುಗಿದ ಮೇಲೆ ಎಲ್ಲರಂತೆ ಮನೆ ಖಾಲಿ ಮಾಡಿದರು. ಪಕ್ಕದ ಮಗ್ಗದವರು ಪಿಸುವಿನ ಜೊತೆ ಕೊನೆಯವರೆಗೂ ಮಾತಾಡಲಿಲ್ಲ.

ಪಿಸುವಿಗೆ ಡಿಗ್ರಿ ಸಿಗುವುದು ಒಂದೂವರೆ ವರ್ಷ ತಡವಾಯಿತು. ಅರವತ್ತೆರಡು ಜನ ಸಾಲದೆಂದು ಪರೀಕ್ಷಕರು ವಾಪಸು ಕಳಿಸಿದರು. ಮೇಡಂ ಅವಳ ಪರವಾಗಿ ಎರಡು ಸಲ ವಾದಿಸಿದರು, ಮೂರನೆಯ ಸಲ ಒಪ್ಪಿಸಿದರು. ಈಗ ಅವಳು ಒಂದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತಾಳೆ. ಚಿಕ್ಕಪ್ಪ ಚಿಕ್ಕಮ್ಮ ಅವಳ ಜೊತೆಗೇ ಇದ್ದಾರೆ. ರಜೆಯ ದಿನ ಮನೆಯ ಒಂದು ಕೋಣೆಯಲ್ಲಿ ಗಿರಣಿಯವರನ್ನು ನೋಡುತ್ತಾಳೆ. ಇಲ್ಲಿಯವರೆಗೆ ಮುನ್ನೂರಕ್ಕೆ ಸ್ವಲ್ಪ ಕಡಿಮೆ. ಎರಡು ಸಾವಿರಕ್ಕೆ ಇನ್ನೆಷ್ಟು ಬೇಕೆಂದು ನಾನು ಅವಳ ಮುಂದೆ ಲೆಕ್ಕ ಹಾಕುವುದಿಲ್ಲ.

ಈಗ ಅವಳು ಮೊದಲಿನಂತೆ ಮಾತು ಕೊಡುವುದಿಲ್ಲ. ಹೋದ ಭಾನುವಾರ ನಾನು ಹೋದಾಗ ಮೂವರು ತರುಣರು ಬಂದಿದ್ದರು. ಗಿರಣಿಗೆ ಗೊತ್ತಾಗುತ್ತದೆಯೇ ಎಂದು ಕೇಳಿದರು. ಅವಳು ಎದುರಿಗೆ ಕುಳಿತು, "ನಾನಾಗಿ ಯಾರಿಗೂ ಹೇಳಲ್ಲ. ಆದ್ರೆ ಒಂದು ಸಲ ಬರೆದಿಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ನನಗೂ ಗೊತ್ತಿಲ್ಲ. ಯೋಚನೆ ಮಾಡಿ ಕೂತ್ಕೊಳ್ಳಿ" ಎಂದಳು. ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇನ್ನೊಮ್ಮೆ ಬರುತ್ತೇವೆ ಎಂದು ಎದ್ದುಹೋದರು. ಮೂರನೆಯವನು ಸ್ವಲ್ಪ ಹೊತ್ತು ಚಪ್ಪಲಿ ನೋಡುತ್ತ ಕುಳಿತ. ಬೀದಿಯಿಂದ ಗೆಳೆಯರು ಅವನನ್ನು ಎರಡು ಸಲ ಕೂಗಿದರು. ನಮಗೆ ಕೇಳಿಸಿತು. ಅವನು ತಲೆ ಎತ್ತಲಿಲ್ಲ. ಪಿಸು ಹೆಡ್‌ಫೋನನ್ನು ಒರೆಸಿ ಅವನ ಕೈಗೆ ಕೊಟ್ಟಳು.